ಹುಟ್ಟು ಹಾಕಿದವರ ಅಥೆನ್ಸ್

ಕ್ರಿ.ಪೂ. 483ರ ಸುಮಾರಿಗೆ ಅಥೆನ್ಸಿನ ಜನಸಭೆಯ ಮುಂದೆ ಬಂದ ಪ್ರಶ್ನೆ ಯಾವ ಊರಾದರೂ ಬಯಸುವಂಥದ್ದು: ಕೈಗೆ ಬಂದ ದುಡ್ಡನ್ನು ಏನು ಮಾಡುವುದು? ನಗರದ ಆಗ್ನೇಯಕ್ಕಿರುವ ಲಾರಿಯಂ ಗಣಿಗಳಲ್ಲಿ ಬೆಳ್ಳಿಯ ಹೊಸ ಪದರವೊಂದು ಸಿಕ್ಕಿ ಬೊಕ್ಕಸ ತುಂಬಿತ್ತು. ಹೆಚ್ಚಿನವರ ಮನಸ್ಸಿನಲ್ಲಿದ್ದ ಉತ್ತರ ಸರಳವಾಗಿತ್ತು, ತಲೆಗೆ ಹತ್ತು ದ್ರಾಕ್ಮಾ ಬೆಳ್ಳಿನಾಣ್ಯದಂತೆ ಪೌರರಿಗೆಲ್ಲ ಹಂಚಿಬಿಡುವುದು. ಅದೇ ಶತಮಾನದ ಕೊನೆಯಲ್ಲಿ ನುರಿತ ಕಲ್ಲುಕುಟಿಗನೊಬ್ಬನ ದಿನಗೂಲಿ ಒಂದು ದ್ರಾಕ್ಮಾ ಇತ್ತು ಎಂಬುದನ್ನು ನೆನೆದರೆ, ಬಡವನಿಗೆ ಅದು ಬೇಡವೆನ್ನಬಹುದಾದ ಮೊತ್ತವಲ್ಲ. ಆಗ ಎದ್ದು ನಿಂತ ಥೆಮಿಸ್ಟೋಕ್ಲಿಸ್ ಎಂಬ ರಾಜಕಾರಣಿ, ಈ ಹಣವನ್ನು ಹಂಚಬೇಡಿ, ಹಡಗು ಕಟ್ಟೋಣ ಎಂದ. ನೆರೆಯ ಈಜಿನಾ ದ್ವೀಪದೊಡನೆ ಇದ್ದ ಹಳೆಯ ಜಗಳವನ್ನು ಅವನು ನೆಪವಾಗಿ ಮುಂದಿಟ್ಟನೇ ಹೊರತು ದೂರದ ಪರ್ಷಿಯಾದ ಮಾತನ್ನೇ ಎತ್ತಲಿಲ್ಲ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಕಣ್ಣಿಗೆ ಕಾಣುವ ಶತ್ರುವಿನ ಮೇಲೆ ಜನರಿಗೆ ಬರುವ ಸಿಟ್ಟು ಕಾಣದ ಶತ್ರುವಿನ ಮೇಲೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸಭೆ ಒಪ್ಪಿತು. ಇತಿಹಾಸಕಾರ ಹೆರೊಡೋಟಸ್ ಕೊಡುವ ಲೆಕ್ಕದಲ್ಲಿ ಅವು ಇನ್ನೂರು ಹಡಗುಗಳು.

ಗ್ರೀಕರ ಪುರಾಣ, ಯುದ್ಧ, ದಿನಬಳಕೆಯ ಬದುಕು ಇವನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಅವೆಲ್ಲ ಒಂದೇ ಮರದ ಹಲಗೆಯ ಮೇಲೆ ಕೂತಿದ್ದನ್ನು ತೋರಿಸುವುದು ನನ್ನ ಇವತ್ತಿನ ಉದ್ದೇಶ. ಆ ಹಲಗೆ ಟ್ರೈರೀಮ್ ಎಂಬ ಯುದ್ಧನೌಕೆಯಲ್ಲಿ ಹುಟ್ಟು ಹಾಕುವವನ ಆಸನ.

ಮೊದಲು ಆ ಹಡಗನ್ನು ಹತ್ತಿರದಿಂದ ನೋಡೋಣ. ಉದ್ದ ಸುಮಾರು 37 ಮೀಟರ್, ಅಗಲ ಆರು ಮೀಟರಿಗೂ ಕಡಿಮೆ. ಅಷ್ಟು ಜಾಗದಲ್ಲಿ ಇನ್ನೂರು ಜನ, ಅವರಲ್ಲಿ 170 ಮಂದಿ ಹುಟ್ಟು ಹಾಕುವವರು. ಅವರು ಒಬ್ಬರ ಮೇಲೊಬ್ಬರಂತೆ ಮೂರು ಸಾಲುಗಳಲ್ಲಿ ಕೂರುತ್ತಿದ್ದರು: ಮೇಲಿನ ಸಾಲಿನಲ್ಲಿ 62, ನಡುವಿನದರಲ್ಲಿ 54, ತಳದಲ್ಲಿ 54. ಒಬ್ಬನಿಗೆ ಒಂದೇ ಹುಟ್ಟು, ಅದರ ಉದ್ದ ನಾಲ್ಕು ಮೀಟರಿಗಿಂತ ತುಸು ಹೆಚ್ಚು. ಮೇಲಿನ ಸಾಲಿನವರಿಗೆ ಮಾತ್ರ ತಮ್ಮ ಹುಟ್ಟಿನ ತುದಿ ನೀರನ್ನು ಮುಟ್ಟುವುದು ಕಾಣುತ್ತಿತ್ತು. ಉಳಿದವರು ಕೊಳಲಿನಂಥ ಜೋಡಿವಾದ್ಯ ನುಡಿಸುವವನ ಲಯವನ್ನು, ಕೂಗಿ ತಾಳ ಕೊಡುವ ಅಧಿಕಾರಿಯ ದನಿಯನ್ನು ನಂಬಿ ಎಳೆಯಬೇಕಿತ್ತು. ತಳದ ಸಾಲಿನ ಹುಟ್ಟುಗಳು ಹೊರಗೆ ಚಾಚುವ ರಂಧ್ರ ನೀರಿನ ಮಟ್ಟಕ್ಕೆ ತೀರ ಸಮೀಪವಾದ್ದರಿಂದ ಅಲೆ ಒಳನುಗ್ಗದಂತೆ ಅದಕ್ಕೆ ಚರ್ಮದ ಚೀಲ ಬಿಗಿಯುತ್ತಿದ್ದರು. ಆ ಕೆಳಗಿನವನ ಮುಖದ ಮಟ್ಟದಲ್ಲಿ ಇರುತ್ತಿದ್ದುದು ಮೇಲೆ ಕೂತವನ ಹಿಂಭಾಗ. ಅರಿಸ್ಟೋಫನೀಸ್ ತನ್ನ ‘ಕಪ್ಪೆಗಳು’ ನಾಟಕದಲ್ಲಿ ಈ ಸಂಗತಿಯನ್ನು ಹಿಡಿದು, ಮೇಲಿನವನು ಕೆಳಗಿನವನ ಮುಖಕ್ಕೇ ಗಾಳಿ ಬಿಡುವ ಬಗ್ಗೆ ಒಂದು ನಗೆಮಾತು ಆಡಿಸುತ್ತಾನೆ. ನೋಡುಗರು ಬಿದ್ದು ಬಿದ್ದು ನಕ್ಕಿರಬೇಕು. ಆ ಮಾತು ಅರ್ಥವಾಗಲು ಆ ಹಡಗಿನಲ್ಲಿ ಒಮ್ಮೆಯಾದರೂ ಕೂತಿರಬೇಕು, ಮತ್ತು ರಂಗದ ಮುಂದಿದ್ದವರಲ್ಲಿ ಬಹಳಷ್ಟು ಮಂದಿ ಕೂತಿದ್ದವರೇ.

ನಿಮ್ಮಲ್ಲಿ ಹಲವರಿಗೆ ಸಿನಿಮಾಗಳಲ್ಲಿ ಕಂಡ ಚಿತ್ರವೊಂದು ಕಣ್ಣ ಮುಂದೆ ಬಂದಿರಬಹುದು: ಸರಪಳಿಯಲ್ಲಿ ಬಿಗಿದ ಗುಲಾಮರು, ಬೆನ್ನ ಮೇಲೆ ಚಾಟಿ. ಅಥೆನ್ಸಿನ ಹಡಗಿಗೆ ಆ ಚಿತ್ರ ಹೊಂದುವುದಿಲ್ಲ. ಅಲ್ಲಿ ಹುಟ್ಟು ಹಿಡಿದವರಲ್ಲಿ ಗುಲಾಮರೂ ಇದ್ದರು, ಕೂಲಿಗೆ ಬಂದ ದ್ವೀಪವಾಸಿಗಳೂ ಇದ್ದರು, ಅಥೆನ್ಸಿನಲ್ಲೇ ನೆಲೆಸಿದ್ದ ಪರಸ್ಥಳದವರೂ ಇದ್ದರು. ಆದರೆ ಪಡೆಯ ಬೆನ್ನೆಲುಬು ‘ಥೀಟ್’ ಎಂದು ಕರೆಸಿಕೊಳ್ಳುತ್ತಿದ್ದ ಬಡ ಪೌರರು. ಹಿಂದಿನ ಕಾನೂನುಕಾರ ಸೋಲನ್ ಮಾಡಿದ ನಾಲ್ಕು ವರ್ಗಗಳಲ್ಲಿ ಇವರದು ಕೊನೆಯದು. ಸಭೆಯಲ್ಲಿ ಕೂರಬಹುದು, ಅಧಿಕಾರದ ಸ್ಥಾನ ಹಿಡಿಯುವಂತಿಲ್ಲ. ಕಂಚಿನ ಶಿರಸ್ತ್ರಾಣ, ಎದೆಕವಚ, ದೊಡ್ಡ ಗುರಾಣಿ ಇವನ್ನು ಸ್ವಂತ ಖರ್ಚಿನಲ್ಲಿ ಕೊಂಡು ಭೂಸೇನೆಯ ಸಾಲಿನಲ್ಲಿ ನಿಲ್ಲುವ ಶಕ್ತಿ ಇವರಿಗಿರಲಿಲ್ಲ. ಕ್ರಿ.ಪೂ. 490ರಲ್ಲಿ ಮ್ಯಾರಥಾನಿನಲ್ಲಿ ಪರ್ಷಿಯನ್ನರನ್ನು ತಡೆದ ಕೀರ್ತಿ ಆ ಕಂಚಿನ ಕವಚದವರದು. ಹಡಗಿಗೆ ಬೇಕಾದದ್ದು ರಟ್ಟೆ, ಬೆನ್ನು ಮತ್ತು ತಾಳಜ್ಞಾನ. ಅವು ಬಡವನ ಬಳಿಯೂ ಇದ್ದವು.

ಇವರ ಬಳಿ ಇದ್ದ ಸಾಮಾನು ಎಷ್ಟೆಂಬುದು ಇತಿಹಾಸಕಾರ ಥುಸಿಡಿಡೀಸ್ ಹೇಳುವ ಒಂದು ಘಟನೆಯಿಂದ ತಿಳಿಯುತ್ತದೆ. ಕ್ರಿ.ಪೂ. 429ರಲ್ಲಿ ಅಥೆನ್ಸಿನ ಬಂದರಾದ ಪಿರೇಯಸ್ ಮೇಲೆ ಹಠಾತ್ ದಾಳಿ ಮಾಡಬೇಕೆಂದು ಹೊರಟ ಪೆಲೊಪೊನೀಸಿನವರು, ಎಂದರೆ ಆಗ ಅಥೆನ್ಸಿನೊಡನೆ ಯುದ್ಧದಲ್ಲಿದ್ದ ಸ್ಪಾರ್ಟಾದ ಕಡೆಯವರು, ತಮ್ಮ ನಾವಿಕರನ್ನು ಕೊರಿಂತಿನಿಂದ ಮೆಗಾರಾದ ಬಂದರಿಗೆ ಕಾಲ್ನಡಿಗೆಯಲ್ಲಿ ಕಳಿಸಿದರು. ಪ್ರತಿಯೊಬ್ಬನೂ ಹೊತ್ತದ್ದು ಮೂರು ವಸ್ತು: ತನ್ನ ಹುಟ್ಟು, ಅದನ್ನು ಗೂಟಕ್ಕೆ ಕಟ್ಟುವ ಚರ್ಮದ ಪಟ್ಟಿ, ಕೂರುವ ಮೆತ್ತೆ. ಆ ಮೆತ್ತೆಯನ್ನು ಸೌಖ್ಯದ ವಸ್ತು ಎಂದು ತಿಳಿಯಬೇಡಿ. 1987ರಲ್ಲಿ ಗ್ರೀಸಿನಲ್ಲಿ ‘ಒಲಿಂಪಿಯಾಸ್’ ಎಂಬ ಹೆಸರಿನಲ್ಲಿ ಪೂರ್ಣ ಅಳತೆಯ ಟ್ರೈರೀಮ್ ಒಂದನ್ನು ಕಟ್ಟಿ ನೀರಿಗಿಳಿಸಿದರು. ಸ್ವಯಂಸೇವಕರು ಅದರಲ್ಲಿ ಕೂತು ಹುಟ್ಟು ಹಾಕಿದ ಮೇಲೆ, ಮೂರು ಸಾಲಿನ ವ್ಯವಸ್ಥೆ ನಿಜವಾಗಿಯೂ ಸಾಧ್ಯವೇ ಎಂದು ವಿದ್ವಾಂಸರು ನಡೆಸುತ್ತಿದ್ದ ದೀರ್ಘ ವಾದ ಬಹುಮಟ್ಟಿಗೆ ಮುಗಿಯಿತು.

ಇನ್ನು ಪುರಾಣಕ್ಕೆ ಬರುತ್ತೇನೆ. ಅಥೆನ್ಸ್ ಯಾರದಾಗಬೇಕು ಎಂದು ಅಥೀನಾ ಮತ್ತು ಸಮುದ್ರದೇವ ಪೊಸೈಡನ್ ಸ್ಪರ್ಧಿಸಿದ ಕಥೆ ನಿಮಗೆ ಗೊತ್ತಿರಬಹುದು. ಪೊಸೈಡನ್ ತ್ರಿಶೂಲದಿಂದ ಬಂಡೆಯನ್ನು ತಿವಿದು ಉಪ್ಪುನೀರಿನ ಬುಗ್ಗೆ ಹರಿಸಿದ, ಅಥೀನಾ ಆಲಿವ್ ಗಿಡ ಬೆಳೆಸಿದಳು, ಗೆದ್ದವಳು ಅಥೀನಾ. ಅಥೀನಾಳ ದೇವಾಲಯವಾದ ಪಾರ್ಥೆನಾನಿನ ಪಶ್ಚಿಮ ಮುಖದ ಮೇಲೆ ಕೆತ್ತಿದ್ದು ಇದೇ ಸ್ಪರ್ಧೆಯನ್ನು. ಕಥೆಯ ಮಟ್ಟಿಗೆ ಸಮುದ್ರ ಸೋತಿತು, ಹೊಲ ಗೆದ್ದಿತು. ಆದರೆ ಸೋತ ದೇವರನ್ನು ಅವರು ಊರು ಬಿಡಿಸಲಿಲ್ಲ. ಅಕ್ರೊಪೊಲಿಸ್ ಗುಡ್ಡದ ಮೇಲೆ ಆಲಿವ್ ಮರದ ಜೊತೆಗೆ ಉಪ್ಪುನೀರಿನ ಬುಗ್ಗೆಯನ್ನೂ ಕಾಪಾಡಿಕೊಂಡು ಬಂದರು.

ಗಾಳಿದೇವ ಬೋರಿಯಾಸ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಉತ್ತರದ ಗಾಳಿಯಾದ ಇವನು ಅಥೆನ್ಸಿನ ಪುರಾತನ ರಾಜ ಎರೆಕ್ಥಿಯಸ್‌ನ ಮಗಳು ಒರೈಥಿಯಾಳನ್ನು ಹೊತ್ತೊಯ್ದು ಮದುವೆಯಾದನಂತೆ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಚಕ್ರವರ್ತಿ ಕ್ಸರ್ಕ್ಸೀಸ್ ಭಾರೀ ನೌಕಾಪಡೆಯೊಂದಿಗೆ ಬರುತ್ತಿದ್ದಾಗ, ನಿಮ್ಮ ಅಳಿಯನನ್ನು ನೆರವಿಗೆ ಕರೆಯಿರಿ ಎಂಬ ದೈವದ ನುಡಿ ಅಥೆನ್ಸಿನವರಿಗೆ ಬಂತು. ಅಳಿಯ ಯಾರು ಎಂದು ಲೆಕ್ಕ ಹಾಕಿದರು, ಬೋರಿಯಾಸ್ ಎಂದು ನಿಶ್ಚಯಿಸಿದರು, ಬಲಿ ಕೊಟ್ಟು ಬೇಡಿಕೊಂಡರು. ಬಿರುಗಾಳಿ ಎದ್ದು ತೀರದ ಬಳಿ ಲಂಗರು ಹಾಕಿದ್ದ ಪರ್ಷಿಯನ್ ಹಡಗುಗಳನ್ನು ನೂರುಗಟ್ಟಲೆ ಬಂಡೆಗಪ್ಪಳಿಸಿತು. ಹೆರೊಡೋಟಸ್ ಇದನ್ನು ಬರೆಯುವಾಗ, ಗಾಳಿ ಬೀಸಿದ್ದು ನಿಜವಾಗಿ ಇದೇ ಕಾರಣಕ್ಕೋ ನಾನು ಹೇಳಲಾರೆ ಎಂಬ ಎಚ್ಚರ ಇಟ್ಟುಕೊಳ್ಳುತ್ತಾನೆ. ಊರಿಗೆ ಮರಳಿದ ಮೇಲೆ ಇಲಿಸಸ್ ನದಿಯ ದಂಡೆಯಲ್ಲಿ ಅಳಿಯನಿಗೆ ಒಂದು ಗುಡಿ ಎದ್ದಿತು.

ಡೆಲ್ಫಿಯ ನುಡಿಯ ಕಥೆಯಲ್ಲಿ ಮಾತ್ರ ಅರ್ಥ ಬಿಡಿಸುವುದು ಜೀವನ್ಮರಣದ ವಿಷಯವಾಯಿತು. ಮರದ ಗೋಡೆಯೊಂದೇ ನಿಮ್ಮನ್ನು ಕಾಯುತ್ತದೆ ಎಂದು ಡೆಲ್ಫಿಯ ದೈವ ನುಡಿದಿತ್ತು. ಹಿಂದೊಮ್ಮೆ ಅಕ್ರೊಪೊಲಿಸ್ ಸುತ್ತ ಮುಳ್ಳುಬೇಲಿ ಇತ್ತು, ಮರದ ಗೋಡೆ ಎಂದರೆ ಅದೇ ಎಂದರು ಕೆಲವು ಹಿರಿಯರು. ಮರದ ಗೋಡೆ ಎಂದರೆ ಹಡಗು ಎಂದ ಥೆಮಿಸ್ಟೋಕ್ಲಿಸ್. ಜನ ಅವನ ಮಾತನ್ನು ನಂಬಿ ಊರು ತೊರೆದರು. ಹೆಂಗಸರು, ಮಕ್ಕಳು, ಮುದುಕರು ಟ್ರೀಜನ್, ಈಜಿನಾ, ಸಲಾಮಿಸ್‌ಗಳಿಗೆ ಹೋದರು. ಟ್ರೀಜನ್ ಊರಿನವರು ಈ ನಿರಾಶ್ರಿತರ ಕುಟುಂಬಗಳಿಗೆ ದಿನಕ್ಕೆ ಎರಡು ಒಬೋಲ್ (ಸಣ್ಣ ನಾಣ್ಯ) ಕೊಡಲು, ಮಕ್ಕಳು ಎಲ್ಲಿ ಬೇಕಾದರೂ ಹಣ್ಣು ಕಿತ್ತು ತಿನ್ನಲು, ಅವರಿಗೆ ಪಾಠ ಹೇಳುವವರ ಸಂಬಳವನ್ನೂ ಕೊಡಲು ನಿರ್ಣಯ ಮಾಡಿದರೆಂದು ಪ್ಲುಟಾರ್ಕ್ ದಾಖಲಿಸುತ್ತಾನೆ. ಯುದ್ಧದ ಇತಿಹಾಸಗಳಲ್ಲಿ ಸೇನಾಪತಿಗಳ ಭಾಷಣಗಳಿಗಿಂತ ಇಂಥ ನಿರ್ಣಯಗಳೇ ನನಗೆ ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಇತ್ತ ಅಕ್ರೊಪೊಲಿಸ್ ಮೇಲೆಯೇ ಉಳಿದ ಕೆಲವರು ಹಲಗೆ, ಬಾಗಿಲುಗಳನ್ನು ಅಡ್ಡವಿಟ್ಟು ಮರದ ಗೋಡೆ ಕಟ್ಟಿಕೊಂಡರು; ಪರ್ಷಿಯನ್ನರು ಬೆಂಕಿಬಾಣ ಬಿಟ್ಟು ಅದನ್ನು ಸುಟ್ಟು, ಮೇಲೇರಿ ಅವರನ್ನು ಕೊಂದು, ದೇವಾಲಯಕ್ಕೂ ಬೆಂಕಿ ಇಟ್ಟರು. ಸುಟ್ಟ ಆಲಿವ್ ಮರದ ಬುಡದಲ್ಲಿ ಮರುದಿನವೇ ಮೊಳದುದ್ದದ ಚಿಗುರು ಕಂಡಿತಂತೆ.

ಸಲಾಮಿಸ್ ದ್ವೀಪದ ಬಳಿ ನಡೆದ ಕದನವನ್ನು ಬಗೆಬಗೆಯಾಗಿ ವರ್ಣಿಸಿದವರಿದ್ದಾರೆ, ನಾನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಥೆಮಿಸ್ಟೋಕ್ಲಿಸ್ ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಕಿನಸ್ ಎಂಬ ಗುಲಾಮನ ಮೂಲಕ, ಗ್ರೀಕರು ರಾತ್ರಿಯೇ ಓಡಿಹೋಗಲಿದ್ದಾರೆ ಎಂಬ ಸುಳ್ಳು ಸುದ್ದಿಯನ್ನು ಪರ್ಷಿಯನ್ನರಿಗೆ ಮುಟ್ಟಿಸಿದ. ಅವರ ಹಡಗುಗಳು ಇಕ್ಕಟ್ಟಾದ ಜಲಸಂಧಿಯೊಳಗೆ ಬಂದವು, ಸಂಖ್ಯೆಯೇ ಅವರಿಗೆ ಮುಳುವಾಯಿತು, ದಡದ ಗುಡ್ಡದ ಬುಡದಲ್ಲಿ ಆಸನ ಹಾಕಿಸಿ ಕೂತಿದ್ದ ಚಕ್ರವರ್ತಿ ತನ್ನ ಪಡೆಯ ನಾಶವನ್ನು ಕಣ್ಣಾರೆ ಕಂಡ.

ಈ ಕದನವಾದ ಎಂಟು ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ ಅದನ್ನು ರಂಗಕ್ಕೆ ತಂದ. ಅವನು ಆರಿಸಿಕೊಂಡ ಸ್ಥಳ ಅಥೆನ್ಸ್ ಅಲ್ಲ, ಪರ್ಷಿಯಾದ ಅರಮನೆ. ಸೋತವರ ತಾಯಿಯ ಮುಂದೆ ದೂತ ಬಂದು ಸುದ್ದಿ ಹೇಳುತ್ತಾನೆ. ಕನ್ನಡಿಗರಿಗೆ ಈ ನಾಟಕ ಅಪರಿಚಿತವಲ್ಲ, ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ ರಾಜಮಾತೆ, ಆ ಅಥೆನ್ಸಿನವರಿಗೆ ಒಡೆಯ ಯಾರು ಎಂದು ಕೇಳುತ್ತಾಳೆ; ಅವರು ಯಾರ ಆಳೂ ಅಲ್ಲ, ಯಾರ ಪ್ರಜೆಗಳೂ ಅಲ್ಲ ಎಂಬ ಉತ್ತರ ಬರುತ್ತದೆ. ರಂಗದ ಎದುರು ಕೂತಿದ್ದ ಅಂದಿನ ನಾವಿಕನಿಗೆ ಆ ಸಾಲು ಹೇಗೆ ಕೇಳಿಸಿರಬೇಕೆಂದು ಊಹಿಸಿ. ಅದೇ ನಾಟಕದಲ್ಲಿ, ನೀರಿಗೆ ಬಿದ್ದ ಪರ್ಷಿಯನ್ನರನ್ನು ಗ್ರೀಕರು ಮುರಿದ ಹುಟ್ಟುಗಳಿಂದ, ಒಡೆದ ಹಲಗೆಗಳಿಂದ, ಬಲೆಗೆ ಬಿದ್ದ ಮೀನುಗಳಿಗೆ ಹೊಡೆಯುವಂತೆ ಬಡಿದು ಕೊಂದ ವಿವರವೂ ಇದೆ. ಈಸ್ಕಿಲಸ್ ಸ್ವತಃ ಮ್ಯಾರಥಾನಿನಲ್ಲಿ ಕಾದಿದ ಯೋಧ. ಗೆಲುವು ಹತ್ತಿರದಿಂದ ಹೇಗಿರುತ್ತದೆ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಈ ಗೆಲುವಿನ ಮೇಲೆ ಕಟ್ಟಿದ ಅಥೆನ್ಸ್‌ನಲ್ಲಿ ಹುಟ್ಟು ಹಾಕಿದವನ ಮಾತಿಗೆ ತೂಕ ಬಂತು. ಕ್ರಿ.ಪೂ. 462ರ ಸುಮಾರಿಗೆ ಎಫಿಯಾಲ್ಟಿಸ್ ಹಳೆಯ ಶ್ರೀಮಂತರ ಮಂಡಳಿಯ ಅಧಿಕಾರವನ್ನು ಮೊಟಕುಗೊಳಿಸಿದ, ಅನಂತರ ನಗರದ ನಾಯಕ ಪೆರಿಕ್ಲಿಸ್ ನ್ಯಾಯಾಲಯದಲ್ಲಿ ತೀರ್ಪುಗಾರರಾಗಿ ಕೂರುವ ಪೌರರಿಗೆ ದಿನಭತ್ಯೆ ಕೊಡಿಸಿದ. ಬಡವ ಕೂಲಿ ಬಿಟ್ಟು ನ್ಯಾಯಾಲಯಕ್ಕೆ ಬರಲು ಇದರಿಂದ ಸಾಧ್ಯವಾಯಿತು. ಪ್ರಜಾಪ್ರಭುತ್ವವನ್ನು ಕಂಡರಾಗದ, ಹೆಸರು ತಿಳಿಯದ ಒಬ್ಬ ಲೇಖಕ ಆ ಕಾಲದಲ್ಲೇ ಒಂದು ಚಿಕ್ಕ ಕೃತಿ ಬರೆದಿಟ್ಟಿದ್ದಾನೆ. ಹಡಗು ನಡೆಸುವವರು ಈ ಸಾಮಾನ್ಯರೇ, ನಗರಕ್ಕೆ ಬಲ ತಂದವರೂ ಅವರೇ, ಆದ್ದರಿಂದ ಅವರಿಗೆ ಹೆಚ್ಚು ಪಾಲು ಸಿಗುವುದು ನ್ಯಾಯ ಎಂದು ಹಲ್ಲು ಕಚ್ಚಿಕೊಂಡೇ ಅವನು ಒಪ್ಪುತ್ತಾನೆ. ಶತ್ರುವಿನ ಬಾಯಿಂದ ಬಂದ ಈ ಸಾಕ್ಷ್ಯ ಪ್ರಜಾಪ್ರಭುತ್ವಕ್ಕೆ ಪೆರಿಕ್ಲಿಸ್ ಮಾಡಿದ ಹೊಗಳಿಕೆಗಿಂತ ನಂಬಲರ್ಹ ಎಂದು ನನ್ನ ಅಭಿಪ್ರಾಯ.

ಉತ್ಸವಗಳಲ್ಲೂ ಹಡಗು ನುಸುಳಿತು. ಅಥೀನಾಳ ಹಬ್ಬವಾದ ಪ್ಯಾನಥಿನಾಯಾದಲ್ಲಿ ದೇವಿಗೆಂದು ಹೆಣ್ಣುಮಕ್ಕಳು ತಿಂಗಳುಗಟ್ಟಲೆ ನೇಯ್ದ ವಸ್ತ್ರವನ್ನು ಚಕ್ರಗಳ ಮೇಲಿನ ಹಡಗೊಂದಕ್ಕೆ ಹಾಯಿಯಂತೆ ಕಟ್ಟಿ ಬೀದಿಗಳಲ್ಲಿ ಎಳೆದೊಯ್ಯುತ್ತಿದ್ದರು. ನಮ್ಮ ತೇರು ಹಡಗಿನ ಆಕಾರ ತಳೆದಂತೆ ಎನ್ನಿ. ನೇಯ್ಗೆ ಹೆಂಗಸರದು, ಸಭೆಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ಪ್ರತಿವರ್ಷ ಡಿಲೋಸ್ ದ್ವೀಪಕ್ಕೆ ಪವಿತ್ರ ಹಡಗೊಂದು ಹೋಗಿಬರುತ್ತಿತ್ತು. ಪುರಾಣದ ವೀರ ಥೀಸಿಯಸ್ ಕ್ರೀಟಿಗೆ ಹೋಗಿ ಗೂಳಿತಲೆಯ ಮಿನೊಟಾರನನ್ನು ಕೊಂದು ಬಂದದ್ದು ಅದೇ ಹಡಗಿನಲ್ಲಿ ಎಂಬುದು ಅವರ ನಂಬಿಕೆ. ಅದು ಮರಳುವವರೆಗೆ ನಗರದಲ್ಲಿ ಯಾರ ಮರಣದಂಡನೆಯನ್ನೂ ಜಾರಿ ಮಾಡುವಂತಿರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರೆಟೀಸ್ ತೀರ್ಪಿನ ಅನಂತರವೂ ಸೆರೆಮನೆಯಲ್ಲಿ ಗೆಳೆಯರೊಡನೆ ಮಾತನಾಡುತ್ತ ದಿನಗಳನ್ನು ಕಳೆದದ್ದು ಈ ಪುರಾಣದ ಹಡಗು ತಡವಾದ್ದರಿಂದ.

ಈ ಜನ ಏನು ತಿನ್ನುತ್ತಿದ್ದರು? ಮುಖ್ಯವಾಗಿ ಜವೆಗೋಧಿಯ ಹಿಟ್ಟು. ಅದನ್ನು ನಾದಿ ಮುದ್ದೆ ಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಕಾಯಿ, ಉಪ್ಪುಮೀನಿನ ಜೊತೆ ತಿನ್ನುತ್ತಿದ್ದರು. ಹಡಗಿನಲ್ಲಿ ಅಡುಗೆಗೆ ಜಾಗವಿಲ್ಲ, ಮಲಗಲೂ ಜಾಗವಿಲ್ಲ. ಹಾಗಾಗಿ ಮಧ್ಯಾಹ್ನ ಅಥವಾ ಸಂಜೆ ಯಾವುದಾದರೂ ತೀರಕ್ಕೆ ಬರಲೇಬೇಕು, ಒಲೆ ಹೂಡಲೇಬೇಕು, ಸಮೀಪದ ಸಂತೆಯಲ್ಲಿ ಕೊಂಡು ತರಲೇಬೇಕು. ಗ್ರೀಕ್ ನೌಕಾಯುದ್ಧವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ.

ಊಟಕ್ಕೂ ನಿಲ್ಲದ ಒಂದು ಪಯಣ ಇದೆ. ಕ್ರಿ.ಪೂ. 427ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನ್ ನಗರ ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತಿತು. ಸಿಟ್ಟಿನಲ್ಲಿದ್ದ ಜನಸಭೆ, ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕೆಂದು ನಿರ್ಣಯಿಸಿ ಆಜ್ಞೆಯೊಡನೆ ಒಂದು ಟ್ರೈರೀಮನ್ನು ಕಳಿಸಿಬಿಟ್ಟಿತು. ಮರುದಿನ ಬೆಳಗಾಗುವುದರೊಳಗೆ ಜನರ ಮನಸ್ಸಿಗೆ ಕಸಿವಿಸಿ. ಮತ್ತೆ ಸಭೆ ಸೇರಿತು. ಕೊಲ್ಲಲೇಬೇಕೆಂದು ಕ್ಲಿಯಾನ್, ಕೊಲ್ಲುವುದರಿಂದ ನಮಗೇ ನಷ್ಟವೆಂದು ಡಯೊಡೋಟಸ್ ವಾದಿಸಿದರು. ಕೈಯೆತ್ತಿದವರ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿತ್ತು. ಕೂದಲೆಳೆಯಲ್ಲಿ ಡಯೊಡೋಟಸ್ ಗೆದ್ದ. ಒಂದು ಹಗಲು ಒಂದು ರಾತ್ರಿ ಮುಂದೆ ಹೋಗಿದ್ದ ಹಡಗನ್ನು ಹಿಡಿಯಲು ಎರಡನೆಯದು ಹೊರಟಿತು. ಮಿಟಿಲೀನಿನ ದೂತರು ನಾವಿಕರಿಗೆ ದ್ರಾಕ್ಷಾರಸ, ಹಿಟ್ಟು ಒದಗಿಸಿ, ಸಮಯಕ್ಕೆ ಮುಟ್ಟಿದರೆ ದೊಡ್ಡ ಬಹುಮಾನ ಕೊಡುವುದಾಗಿ ಹೇಳಿದರು. ಇವರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ನಾದಿದ ಹಿಟ್ಟನ್ನು ಹುಟ್ಟು ಎಳೆಯುತ್ತಲೇ ತಿಂದರು, ಸರದಿಯ ಮೇಲೆ ಕೆಲವರು ಮಲಗಿದರೆ ಉಳಿದವರು ಎಳೆದರು. ಮೊದಲ ಹಡಗಿನವರು ಆ ಕ್ರೂರ ಕೆಲಸಕ್ಕೆ ಅವಸರಪಡದೆ ಸಾಗಿದ್ದರು. ಅಲ್ಲಿದ್ದ ಸೇನಾಪತಿ ಮೊದಲ ಆಜ್ಞೆಯನ್ನು ಓದಿ ಮುಗಿಸಿ ಜಾರಿಗೆ ಸಿದ್ಧನಾಗುತ್ತಿದ್ದಾಗ ಎರಡನೆಯ ಹಡಗು ಬಂದರು ಮುಟ್ಟಿತು. ಇದನ್ನು ಕೇವಲ ಕರುಣೆಯ ಕಥೆಯಾಗಿ ಹೇಳುವವರಿದ್ದಾರೆ. ದಂಗೆಗೆ ಕಾರಣರೆಂದು ಹಿಡಿದು ತಂದವರನ್ನು ಅದೇ ಸಭೆ ಕೊಲ್ಲಿಸಿತು ಎಂಬುದನ್ನೂ ಸೇರಿಸಿ ಹೇಳಬೇಕು.

ಇಲ್ಲಿ ಲಾರಿಯಂ ಗಣಿಗೆ ಮರಳದಿದ್ದರೆ ನನ್ನ ಮಾತು ಅರ್ಧಸತ್ಯವಾಗುತ್ತದೆ. ಹಡಗು ಕಟ್ಟಿಸಿದ ಬೆಳ್ಳಿಯನ್ನು ಅಗೆದವರು ಗುಲಾಮರು. ಬಂಡೆಯೊಳಗೆ ಕೊರೆದ ಸುರಂಗಗಳು ಎಷ್ಟೋ ಕಡೆ ಒಂದು ಮೀಟರ್ ಎತ್ತರವೂ ಇರಲಿಲ್ಲ. ಎಣ್ಣೆದೀಪದ ಬೆಳಕಿನಲ್ಲಿ ಮಲಗಿಯೋ ಮಂಡಿಯೂರಿಯೋ ಅದಿರನ್ನು ಒಡೆಯಬೇಕು. ಸೇನಾಪತಿ ನಿಕಿಯಾಸ್ ಬಳಿ ಸಾವಿರ ಗುಲಾಮರಿದ್ದರು, ಅವರನ್ನು ಅವನು ತಲೆಗೆ ದಿನಕ್ಕೊಂದು ಒಬೋಲಿನಂತೆ ಗಣಿ ಗುತ್ತಿಗೆದಾರನಿಗೆ ಬಾಡಿಗೆ ಕೊಟ್ಟಿದ್ದ, ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಳ್ಳುವ ಹೊಣೆ ಬಾಡಿಗೆ ಪಡೆದವನದು ಎಂದು ಅಥೆನ್ಸಿನ ಲೇಖಕ ಜೆನೊಫನ್ ಬರೆಯುತ್ತಾನೆ. ಒಪ್ಪಂದದ ಆ ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ಸತ್ತವರ ಜಾಗಕ್ಕೆ ಹೊಸಬರನ್ನು ತಂದು ತುಂಬು ಎಂಬುದೇ ಅದರ ತಾತ್ಪರ್ಯ. ಕ್ರಿ.ಪೂ. 413ರಲ್ಲಿ ಸ್ಪಾರ್ಟಾದವರು ಅಥೆನ್ಸಿನ ನಾಡಿನೊಳಗೇ ಡಿಸಿಲಿಯಾದಲ್ಲಿ ಕೋಟೆ ಕಟ್ಟಿ ಕೂತಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರು ಎಂದು ಥುಸಿಡಿಡೀಸ್ ಹೇಳುತ್ತಾನೆ. ಅಥೆನ್ಸಿನ ಸ್ವಾತಂತ್ರ್ಯದ ಬಗ್ಗೆ ಅವರು ಕಾಲಿನಲ್ಲಿ ಕೊಟ್ಟ ತೀರ್ಪು ಅದು.

ಹಾಗೆಯೇ, ಕ್ರಿ.ಪೂ. 406ರ ಹೊತ್ತಿಗೆ ಹುಟ್ಟು ಹಿಡಿಯಲು ಜನ ಸಾಲದಾದಾಗ ನಗರ ಗುಲಾಮರನ್ನೂ ಹಡಗು ಹತ್ತಿಸಿತು. ಆರ್ಗಿನೂಸಿ ಕದನ ಗೆದ್ದಾಗ ಅವರಿಗೆ ಬಿಡುಗಡೆ ಸಿಕ್ಕಿತು. ಆದರೆ ಬಿರುಗಾಳಿಯ ಕಾರಣ ನೀರಿಗೆ ಬಿದ್ದ ತಮ್ಮವರನ್ನು ಎತ್ತಿಕೊಳ್ಳಲಿಲ್ಲವೆಂದು ಅದೇ ನಗರ ಗೆದ್ದ ಸೇನಾಪತಿಗಳಲ್ಲಿ ಆರು ಮಂದಿಯನ್ನು ಒಟ್ಟಿಗೇ ವಿಚಾರಿಸಿ ಕೊಂದಿತು. ಇದು ಕಾನೂನಿಗೆ ವಿರುದ್ಧ ಎಂದು ಅಂದು ಒಪ್ಪಿಗೆ ಕೊಡದೆ ನಿಂತವನು ಸಾಕ್ರೆಟೀಸ್.

ಮರುವರ್ಷ, ಕ್ರಿ.ಪೂ. 405ರಲ್ಲಿ, ಊಟದ ಪ್ರಶ್ನೆಯೇ ಅಥೆನ್ಸನ್ನು ಮುಳುಗಿಸಿತು. ಹೆಲೆಸ್ಪಾಂಟ್ ಜಲಸಂಧಿಯ ಈಗೊಸ್ಪೊಟಮಿ ಎಂಬ ಬಯಲು ತೀರದಲ್ಲಿ ಅವರ ಪಡೆ ಬೀಡುಬಿಟ್ಟಿತ್ತು. ಎದುರು ದಡದ ಲ್ಯಾಂಪ್ಸಕಸ್‌ನಲ್ಲಿ ಸ್ಪಾರ್ಟಾದ ಸೇನಾಪತಿ ಲೈಸಾಂಡರ್. ಅಥೆನ್ಸಿನವರಿಗೆ ಬಂದರಿಲ್ಲ, ಸಂತೆಯೂ ಇಲ್ಲ. ಸಾಮಾನು ತರಲು ದೂರದ ಸೆಸ್ಟಾಸ್ ಊರಿಗೆ ಹೋಗಬೇಕು. ನಾಲ್ಕು ದಿನ ಲೈಸಾಂಡರ್ ಕಾಳಗಕ್ಕೆ ಬರಲಿಲ್ಲ. ಅಥೆನ್ಸಿನವರು ಪ್ರತಿದಿನ ಎದುರು ಹೋಗಿ ಕಾದು, ಮರಳಿ, ಹಡಗು ಬಿಟ್ಟು ದಿನಸಿಗಾಗಿ ಚೆದರುತ್ತಿದ್ದರು. ಹತ್ತಿರದಲ್ಲಿ ವಾಸವಾಗಿದ್ದ ಅಥೆನ್ಸಿನ ಮಾಜಿ ಸೇನಾಪತಿ ಅಲ್ಸಿಬಯಾಡೀಸ್ ಕುದುರೆಯೇರಿ ಬಂದು ಸೆಸ್ಟಾಸ್‌ಗೆ ಸರಿಯಿರಿ ಎಂದ. ಸೇನಾಪತಿಗಳು ಗದರಿಸಿ ಕಳಿಸಿದರು. ಐದನೆಯ ದಿನ ಅವರು ಚೆದರಿದ ಹೊತ್ತು ನೋಡಿ ಲೈಸಾಂಡರ್ ನುಗ್ಗಿದ. ಕೆಲವು ಹಡಗುಗಳಲ್ಲಿ ಎರಡು ಸಾಲಿಗೆ ಜನ, ಕೆಲವಲ್ಲಿ ಒಂದೇ ಸಾಲಿಗೆ, ಉಳಿದವು ಖಾಲಿ. ಬೆರಳೆಣಿಕೆಯ ಹಡಗುಗಳು ಮಾತ್ರ ಪಾರಾದವು. ಸುದ್ದಿ ರಾತ್ರಿ ಪಿರೇಯಸ್ ಮುಟ್ಟಿತು. ಬಾಯಿಂದ ಬಾಯಿಗೆ ಹಬ್ಬಿದ ಗೋಳು, ಬಂದರನ್ನು ನಗರಕ್ಕೆ ಜೋಡಿಸಿದ್ದ ಉದ್ದ ಗೋಡೆಗಳ ಗುಂಟ ನಗರಕ್ಕೆ ಏರಿತು, ಆ ರಾತ್ರಿ ಯಾರೂ ಮಲಗಲಿಲ್ಲ ಎಂದು ಜೆನೊಫನ್ ಬರೆದಿದ್ದಾನೆ.

ಮುಂದಿನ ವರ್ಷ ಅಥೆನ್ಸ್ ಶರಣಾಯಿತು. ಅದಕ್ಕೆ ಉಳಿಸಿಕೊಟ್ಟದ್ದು ಹನ್ನೆರಡು ಹಡಗು. ಸ್ಪಾರ್ಟಾದ ಬೆಂಬಲದಿಂದ ಅಧಿಕಾರಕ್ಕೇರಿದ ಮೂವತ್ತು ಮಂದಿ, ಜನಸಭೆ ಸೇರುತ್ತಿದ್ದ ನಿಕ್ಸ್ ಗುಡ್ಡದಲ್ಲಿ ಸಮುದ್ರದ ಕಡೆಗಿದ್ದ ಭಾಷಣಕಾರರ ವೇದಿಕೆಯನ್ನು ಒಳನಾಡಿನ ಕಡೆಗೆ ತಿರುಗಿಸಿದರು ಎಂದು ಪ್ಲುಟಾರ್ಕ್ ಹೇಳುತ್ತಾನೆ. ಕಡಲಿನ ಬಲವೇ ಪ್ರಜಾಪ್ರಭುತ್ವದ ತಾಯಿ, ಹೊಲ ಉಳುವವರು ಶ್ರೀಮಂತರ ಆಡಳಿತವನ್ನು ಸಹಿಸಿಕೊಂಡು ಹೋಗುತ್ತಾರೆ ಎಂಬ ಲೆಕ್ಕಾಚಾರ ಅವರದು. ಲೆಕ್ಕಾಚಾರ ತಪ್ಪಿರಲಿಲ್ಲ. ಅವರನ್ನು ಉರುಳಿಸಿದ ಥ್ರಾಸಿಬುಲಸ್‌ನ ಪಡೆ ನೆಲೆಯೂರಿದ್ದು ಪಿರೇಯಸ್ ಬಂದರಿನ ಮುನಿಚಿಯಾ ಗುಡ್ಡದಲ್ಲಿ. ಅವನ ಜೊತೆ ಬಂದರಿನ ಬಡವರಿದ್ದರು, ಪರಸ್ಥಳದವರಿದ್ದರು, ಗುಲಾಮರೂ ಇದ್ದರು. ಗುರಾಣಿ ಇಲ್ಲದವರು ಮರದಲ್ಲೋ ಬೆತ್ತದಲ್ಲೋ ಮಾಡಿಕೊಂಡು ಅದಕ್ಕೆ ಬಿಳಿ ಬಣ್ಣ ಬಳಿದರು. ಕ್ರಿ.ಪೂ. 403ರಲ್ಲಿ ಜನಸಭೆ ಮತ್ತೆ ಕೂಡಿದಾಗ, ಪಿರೇಯಸ್‌ನಿಂದ ತನ್ನೊಡನೆ ಬಂದ ಎಲ್ಲರಿಗೂ ಪೌರತ್ವ ಕೊಡಬೇಕೆಂದು ಥ್ರಾಸಿಬುಲಸ್ ಸೂಚಿಸಿದ. ಅವರಲ್ಲಿ ಕೆಲವರು ಗುಲಾಮರೆಂಬುದು ಎದ್ದು ಕಾಣುವಂತಿತ್ತು. ಅದೇ ಪಕ್ಷದ ಆರ್ಕಿನಸ್ ಎಂಬವನು ಈ ಸೂಚನೆ ಕಾನೂನುಬಾಹಿರವೆಂದು ದಾವೆ ಹೂಡಿ ರದ್ದು ಮಾಡಿಸಿದ.